ಮಾರ್ಫಾನ್ ಕಾಯಿಲೆ: ಅರಿವು, ಆರೈಕೆ ಮತ್ತು ನಮ್ಮ ಹೊಣೆ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಎರಡನೆಯ ದಿನ ನಡೆದ ಆರೋಗ್ಯ ಗೋಷ್ಠಿಯಲ್ಲಿ, ಸಂಘದ ಸದಸ್ಯರೂ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗಿಂತ ಮುಂಚೆ ಮಾತನಾಡಿದ ಪಶುವೈದ್ಯರು ಕೆಚ್ಚಲು ಬಾವಿನ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ಹಸುವಿನ ಮೈ ಸ್ವಲ್ಪ ಬಿಸಿಯಾದರೂ ನಾವು ಓಡಿಹೋಗಿ ಡಾಕ್ಟರನ್ನು ಕರೆತರುತ್ತೇವೆ. ಮನೆಯ ಮನುಷ್ಯರಿಗೆ ಎದೆ ನೋವು ಬಂದರೆ ಮಾತ್ರ "ಒಂದು ಸೋಡಾ ಕುಡಿ, ಸರಿಹೋಗ್ತದೆ" ಅನ್ನುತ್ತೇವೆ. ನಾನು ಡಾಕ್ಟರಲ್ಲ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು ಅಷ್ಟೆ. ಆದರೆ ನಮ್ಮ ಮನೆಯಲ್ಲಿ ಒಂದು ಕಾಯಿಲೆ ಇದೆ. ಅದು ಒಬ್ಬರನ್ನು ತೆಗೆದುಕೊಂಡು ಹೋಯಿತು, ಇನ್ನೊಬ್ಬರನ್ನು ಬಾಗಿಲವರೆಗೆ ಕರೆದುಕೊಂಡು ಹೋಗಿ ವಾಪಸು ಬಿಟ್ಟಿತು. ಅದರ ಬಗ್ಗೆ ಮಾತನಾಡಿ ಎಂದು ಅಧ್ಯಕ್ಷರು ಕೇಳಿದಾಗ ಮೊದಲು ಬೇಡ ಅಂದೆ. ಆಮೇಲೆ ಅಣ್ಣನ ಮಗನನ್ನು ಕೇಳಿದೆ. "ಹೇಳಿ ಚಿಕ್ಕಪ್ಪ, ಇನ್ನೊಂದು ಮನೇಗೆ ಉಪಯೋಗ ಆಗ್ತದೆ" ಎಂದ. ಅವನ ಒಪ್ಪಿಗೆ ಪಡೆದೇ ಇಲ್ಲಿ ನಿಂತಿದ್ದೇನೆ. ಅವನ ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ದಿನಾ ಎರಡು ಹೊತ್ತು ನಿಮ್ಮ ಹಾಲಿನ ಫ್ಯಾಟು ನೋಡುವವನೇ ಅವನು.

ನಮ್ಮಣ್ಣನ ಕಥೆ

ನಮ್ಮಪ್ಪ ಸಾಧಾರಣ ಎತ್ತರದ ಆಳು, ನಮ್ಮವ್ವ ಗಿಡ್ಡ. ನಾನೂ ನೀವು ನೋಡುವ ಹಾಗೆ ಇಷ್ಟೇ. ನಮ್ಮಣ್ಣ ಮಾತ್ರ ಆರಡಿ ಮೂರಂಗುಲ. ತೆಂಗಿನ ಗರಿಯ ಹಾಗೆ ಉದ್ದ ಕೈ, ಉದ್ದ ಬೆರಳು, ಎದೆಯ ನಡುವೆ ಒಂದು ಬೊಗಸೆ ನೀರು ನಿಲ್ಲುವಷ್ಟು ಗುಳಿ. ಊರಿನವರು ಅವನನ್ನು "ಕಂಬ" ಎಂದೇ ಕರೆಯುತ್ತಿದ್ದರು. ಅವನಿಗೂ ಅದರಲ್ಲಿ ಒಂದು ಹೆಮ್ಮೆ.

1989ರ ಸುಗ್ಗಿ. ಕಣದಿಂದ ಭತ್ತದ ಮೂಟೆ ಎತ್ತಿ ಗಾಡಿಗೆ ಹಾಕುವಾಗ ಹಾಗೇ ಬಗ್ಗಿ ಕೂತುಬಿಟ್ಟ. "ಬೆನ್ನು ಸೀಳಿದಂಗಾಯ್ತದೆ ಕಣ್ಲಾ" ಅಂದ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಮ್ಮವ್ವ ವಾಯು ಅಂತ ಓಮದ ನೀರು ಕುಡಿಸಿದಳು. ಯಾರೋ ಬೆನ್ನಿಗೆ ಎಣ್ಣೆ ತಿಕ್ಕಿದರು. ನೋವು ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಇಳಿಯಿತು. ರಾತ್ರಿ ಎತ್ತಿನ ಗಾಡಿಯಲ್ಲಿ ಪೇಟೆಗೆ ಹೊರಟೆವು. ಕೆರೆ ಏರಿ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನಿಗೆ ಆಗ 33 ವರ್ಷ. ಮಗನಿಗೆ ಐದು, ಮಗಳಿಗೆ ಎರಡು. ಕೆಲವರು ಹಾರ್ಟ್ ಅಟ್ಯಾಕು ಅಂದರು, ಕೆಲವರು ಗಾಳಿ ಸೋಕು ಅಂದರು. ನಾನು ವಿಜ್ಞಾನದ ಮೇಷ್ಟ್ರು. ನನಗೂ ಏನೂ ಗೊತ್ತಿರಲಿಲ್ಲ.

ನಾನು ಮಾಡಿದ ತಪ್ಪು

ಅಣ್ಣನ ಮಗ ಎಂಟನೇ ಕ್ಲಾಸಿಗೆ ನಮ್ಮ ಶಾಲೆಗೇ ಬಂದ. ಅಪ್ಪನ ಹಾಗೇ ಉದ್ದ. ಬೋರ್ಡಿನ ಮೇಲೆ ಬರೆದದ್ದನ್ನು ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಿದ್ದ. ಸೋಮಾರಿ ಅಂತ ಬೈದೆ. ಗೂನು ಬೆನ್ನು ಹಾಕಿಕೊಂಡು ಕೂರುತ್ತಿದ್ದ. ನೆಟ್ಟಗೆ ಕೂರು ಅಂತ ಬೆನ್ನಿಗೊಂದು ಕೊಟ್ಟೆ. ನಮ್ಮ ಶಾಲೆಗೆ ಪಿ.ಟಿ. ಮೇಷ್ಟ್ರು ಇರಲಿಲ್ಲ, ನಾನೇ ವಾಲಿಬಾಲ್ ಆಡಿಸುತ್ತಿದ್ದೆ. ಇಷ್ಟು ಎತ್ತರದ ಹುಡುಗ ಇನ್ನೆಲ್ಲಿ ಸಿಕ್ಕಾನು ಅಂತ ಅವನನ್ನು ನೆಟ್ಟಿನ ಮುಂದೆ ನಿಲ್ಲಿಸಿ ಹಾರಿಸಿದೆ. ಸುಸ್ತಾಗ್ತದೆ ಅಂದರೆ ಇನ್ನೆರಡು ಸುತ್ತು ಓಡಿಸಿದೆ. ಬಂಧುಗಳೆ, ಆ ಮಗುವಿನ ಕಣ್ಣು, ಬೆನ್ನು, ಎದೆ ಮೂರೂ ನನಗೆ ಸುದ್ದಿ ಹೇಳುತ್ತಿದ್ದವು. ನನಗೆ ಓದಲು ಬರಲಿಲ್ಲ.

2000ದಲ್ಲಿ ನಮ್ಮ ಸಂಘ ಹುಟ್ಟಿತು. 2004ರಲ್ಲಿ ಅವನು ಸಂಘಕ್ಕೆ ಸಹಾಯಕನಾಗಿ ಸೇರಿದ. ಆಗ ನಲವತ್ತು ಲೀಟರಿನ ಕ್ಯಾನುಗಳ ಕಾಲ. ತುಂಬಿದ ಕ್ಯಾನು ಅಂದರೆ ಹತ್ತಿರ ಹತ್ತಿರ ಐವತ್ತು ಕಿಲೋ. ಬೆಳಿಗ್ಗೆ ಸಂಜೆ ಅದನ್ನು ಎತ್ತಿ ಹಾಲಿನ ಲಾರಿಗೆ ಹಾಕುವುದು ಅವನ ಕೆಲಸ. ಐದು ವರ್ಷ ಎತ್ತಿದ.

2009ರಲ್ಲಿ ಅವನ ಎಡಗಣ್ಣು ಪೂರಾ ಮಂಜಾಯಿತು. ಮೈಸೂರಿನ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಕಣ್ಣಿನೊಳಗೆ ನೋಡಿದರು, ಆಮೇಲೆ ಕಣ್ಣು ಬಿಟ್ಟು ಅವನ ಕೈ ನೋಡಿದರು. "ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ದಿಢೀರಂತ ತೀರಿಕೊಂಡಿದ್ದಾರಾ?" ಎಂದು ಕೇಳಿದರು. ಇಪ್ಪತ್ತು ವರ್ಷದ ಮೇಲೆ ನಮ್ಮಣ್ಣನ ಸಾವಿಗೆ ಒಂದು ಹೆಸರು ಸಿಕ್ಕಿದ್ದು ಆ ಹೊತ್ತಿನಲ್ಲಿ. ಆ ಹೆಸರು ಮಾರ್ಫಾನ್ ಸಿಂಡ್ರೋಮ್.

ಏನಿದು ಕಾಯಿಲೆ?

ನಮ್ಮ ಹಳೆಯ ಮನೆಗಳ ಮಣ್ಣಿನ ಗೋಡೆ ಕಟ್ಟುವಾಗ ಬರೀ ಮಣ್ಣು ಕಲೆಸುತ್ತಿರಲಿಲ್ಲ, ಹುಲ್ಲು ಸೇರಿಸಿ ತುಳಿಯುತ್ತಿದ್ದರು. ಗೋಡೆಯನ್ನು ಹಿಡಿದಿಡುವುದು ಆ ಹುಲ್ಲು. ನಮ್ಮ ದೇಹದಲ್ಲೂ ಹಾಗೇ. ಮೂಳೆ, ಕೀಲು, ರಕ್ತನಾಳ, ಕಣ್ಣು, ಚರ್ಮ ಎಲ್ಲವನ್ನೂ ಹಿಡಿದು ಕಟ್ಟಿರುವ ವಸ್ತುವಿಗೆ ಸಂಯೋಜಕ ಅಂಗಾಂಶ ಎನ್ನುತ್ತಾರೆ. ಅದರೊಳಗೆ ಫೈಬ್ರಿಲ್ಲಿನ್ ಎಂಬ ಒಂದು ಪ್ರೋಟೀನಿನ ಎಳೆಗಳಿವೆ. ಅವೇ ನಮ್ಮ ಗೋಡೆಯ ಹುಲ್ಲು. ಮಾರ್ಫಾನ್ ಇರುವವರಲ್ಲಿ ಈ ಎಳೆ ಸರಿಯಾಗಿ ತಯಾರಾಗುವುದಿಲ್ಲ. ಗೋಡೆ ನಿಲ್ಲುತ್ತದೆ, ಆದರೆ ಒತ್ತಡ ಬಿದ್ದ ಕಡೆ ಬಿರುಕು ಬಿಡುತ್ತದೆ.

ಅತಿ ಹೆಚ್ಚು ಒತ್ತಡ ಬೀಳುವ ಜಾಗ ಯಾವುದು? ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿ. ಅದು ಕೊಡೆಯ ಹಿಡಿಯ ಹಾಗೆ ಬಾಗಿ ಎದೆಯಿಂದ ಹೊಟ್ಟೆಗೆ ಇಳಿಯುತ್ತದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಪ್ರತಿ ಬಡಿತದ ರಕ್ತವೂ ಮೊದಲು ಗುದ್ದುವುದು ಈ ನಾಳದ ಬುಡಕ್ಕೆ. ಸೈಕಲ್ಲಿನ ಹಳೆಯ ಟ್ಯೂಬು ತೆಳುವಾದ ಕಡೆ ಗುಳ್ಳೆಯ ಹಾಗೆ ಊದಿಕೊಳ್ಳುವುದನ್ನು ನೋಡಿದ್ದೀರಿ. ಈ ನಾಳದ ಬುಡವೂ ವರ್ಷದಿಂದ ವರ್ಷಕ್ಕೆ ಹಾಗೇ ಹಿಗ್ಗುತ್ತದೆ. ಹಿಗ್ಗುವಾಗ ನೋವಿಲ್ಲ, ಸೂಚನೆ ಇಲ್ಲ. ಒಂದು ದಿನ ಒಳಗಿನ ಪದರ ಹರಿಯುತ್ತದೆ. ಬಾಳೆದಿಂಡಿನ ಪಟ್ಟೆಗಳ ನಡುವೆ ಉಗುರು ಹಾಕಿ ಎಳೆದರೆ ಉದ್ದಕ್ಕೂ ಬಿಟ್ಟುಕೊಳ್ಳುವುದಿಲ್ಲವೆ? ಹಾಗೆ ರಕ್ತ ಪದರಗಳ ನಡುವೆ ನುಗ್ಗಿ ನಾಳವನ್ನು ಸೀಳುತ್ತಾ ಹೋಗುತ್ತದೆ. ನಮ್ಮಣ್ಣ "ಸೀಳಿದಂಗಾಯ್ತದೆ" ಅಂದದ್ದು ಬರೀ ಮಾತಿಗಲ್ಲ. ಒಳಗೆ ಆಗುತ್ತಿದ್ದುದನ್ನೇ ಅವನು ಹೇಳಿದ್ದ.

ಇನ್ನು ಕಣ್ಣು. ಕಣ್ಣಿನೊಳಗಿನ ಮಸೂರವನ್ನು ಸುತ್ತಲೂ ಸಣ್ಣ ಎಳೆಗಳು ತೊಟ್ಟಿಲಿನ ಹಗ್ಗದ ಹಾಗೆ ಹಿಡಿದಿರುತ್ತವೆ. ಅವೂ ಫೈಬ್ರಿಲ್ಲಿನ್ನಿನಿಂದಲೇ ಆದವು. ಹಗ್ಗ ಸಡಿಲವಾದರೆ ತೊಟ್ಟಿಲು ಓರೆಯಾಗುತ್ತದೆ, ಮಸೂರ ಜಾಗ ಬಿಟ್ಟು ಸರಿಯುತ್ತದೆ. ನನ್ನ ಅಣ್ಣನ ಮಗನಿಗೆ ಬೋರ್ಡು ಕಾಣದಿದ್ದುದು ಇದರಿಂದ.

ಕಂಡುಹಿಡಿದ ಬಗೆ

1896ರಲ್ಲಿ ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂಟೊನಿ ಮಾರ್ಫಾನ್ ಎಂಬುವರು ಉದ್ದನೆಯ, ಸಪೂರ ಕೈಕಾಲು ಬೆರಳುಗಳಿದ್ದ ಐದು ವರ್ಷದ ಒಂದು ಹುಡುಗಿಯ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟರು. ಅದರಿಂದ ಅವರ ಹೆಸರೇ ಉಳಿಯಿತು. 1956ರಲ್ಲಿ ಅಮೆರಿಕದ ವಿಕ್ಟರ್ ಮೆಕ್ಯೂಸಿಕ್ ಎಂಬ ವೈದ್ಯರು ವಂಶದಲ್ಲಿ ಬರುವ ಸಂಯೋಜಕ ಅಂಗಾಂಶದ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ಕಣ್ಣು, ಮೂಳೆ, ಹೃದಯದ ತೊಂದರೆಗಳೆಲ್ಲ ಒಂದೇ ಬೇರಿನವು ಎಂದು ತೋರಿಸಿಕೊಟ್ಟರು. 1991ರಲ್ಲಿ ಹದಿನೈದನೆಯ ವರ್ಣತಂತುವಿನ ಮೇಲಿರುವ ಎಫ್‌ಬಿಎನ್-1 ಎಂಬ ಜೀನಿನಲ್ಲಿ ದೋಷ ಇದೆಯೆಂದು ಪತ್ತೆಯಾಯಿತು.

ನನ್ನಂಥ ವಾಲಿಬಾಲ್ ಮೇಷ್ಟ್ರುಗಳು ತಿಳಿಯಲೇಬೇಕಾದ ಒಂದು ಸಂಗತಿ ಇದೆ. ಅಮೆರಿಕದ ಫ್ಲೋ ಹೈಮನ್ ಎಂಬಾಕೆ ಆರಡಿ ಐದಂಗುಲದ ವಾಲಿಬಾಲ್ ಆಟಗಾರ್ತಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಪದಕ ಗೆದ್ದ ತಂಡದಲ್ಲಿದ್ದವರು. 1986ರ ಜನವರಿ 24ರಂದು ಜಪಾನಿನಲ್ಲಿ ಪಂದ್ಯ ನಡೆಯುತ್ತಿದ್ದಾಗ ಬೆಂಚಿನ ಮೇಲೆ ಕೂತಲ್ಲೇ ಕುಸಿದು ತೀರಿಕೊಂಡರು. 31 ವರ್ಷ. ಮಹಾಪಧಮನಿ ಹರಿದಿತ್ತು. ಜೀವ ಹೋಗುವವರೆಗೂ ಕಾಯಿಲೆ ಇರುವುದು ಆಕೆಗೆ ಗೊತ್ತಿರಲಿಲ್ಲ. ಆಮೇಲೆ ಆಕೆಯ ಸೋದರನನ್ನು ಪರೀಕ್ಷೆ ಮಾಡಿದರೆ ಅವರಿಗೂ ಅದೇ ಕಾಯಿಲೆ. ಅವರಿಗೆ ಸಕಾಲಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಒಬ್ಬರ ಸಾವಿನಿಂದ ಒಂದು ಮನೆ ಪಾಠ ಕಲಿಯುವುದು ಹೀಗೆ. ನಮ್ಮ ಮನೆ ಆ ಪಾಠ ಕಲಿಯಲು ಇಪ್ಪತ್ತು ವರ್ಷ ತೆಗೆದುಕೊಂಡಿತು.

ವಂಶದಲ್ಲಿ ಬರುವುದು ಹೇಗೆ?

ಇದು ಅಂಟುರೋಗವಲ್ಲ. ಒಟ್ಟಿಗೆ ಉಂಡರೆ, ಮಲಗಿದರೆ ಬರುವುದಿಲ್ಲ. ಶಾಪವಲ್ಲ, ನಾಗದೋಷವಲ್ಲ. ತಾಯಿ ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ. ಹುಟ್ಟುವಾಗಲೇ ಜೀನಿನಲ್ಲಿ ಬಂದದ್ದು.

ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ನೂರಕ್ಕೆ ಐವತ್ತು. ನಾಣ್ಯ ಚಿಮ್ಮಿದ ಹಾಗೆ. ಮೊದಲನೆಯ ಮಗುವಿಗೆ ಬಂತು, ಎರಡನೆಯದಕ್ಕೆ ಬರುವುದಿಲ್ಲ ಎಂಬ ಲೆಕ್ಕ ಇಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿಯೇ ಬೀಳುತ್ತದೆ. ಗಂಡು ಹೆಣ್ಣು ಎಂಬ ಭೇದವೂ ಇಲ್ಲ. ಬಾರದೆ ಇದ್ದವರು ತಮ್ಮ ಮಕ್ಕಳಿಗೆ ಕೊಡುವುದೂ ಇಲ್ಲ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ತಂದೆ ತಾಯಿ ಇಬ್ಬರಲ್ಲೂ ಇಲ್ಲದೆ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ನಮ್ಮಣ್ಣನಿಂದಲೇ ನಮ್ಮ ಮನೆಯಲ್ಲಿ ಶುರುವಾಗಿರಬೇಕು ಎಂದು ಡಾಕ್ಟರು ಹೇಳಿದರು.

ನಮ್ಮ ಕಡೆ ಇಂಥ ಯಾವ ಕಾಯಿಲೆ ಬಂದರೂ "ಸೋದರಮಾವನಿಗೆ ಕೊಟ್ಟರಲ್ಲ, ಅದಕ್ಕೇ" ಎನ್ನುವುದು ರೂಢಿ. ರಕ್ತಸಂಬಂಧದ ಮದುವೆಯಿಂದ ಹೆಚ್ಚಾಗುವ ಕಾಯಿಲೆಗಳು ಬೇರೆ ಇವೆ, ಅದು ನಿಜ. ಆದರೆ ಮಾರ್ಫಾನ್ ಆ ಬಗೆಯದಲ್ಲ. ನಮ್ಮ ಅತ್ತಿಗೆ ಹೊರಸಂಬಂಧದವರು. ಆದರೂ ಮಗನಿಗೆ ಬಂತು. ಹಾಗಾಗಿ ಹೊಸ ಸಂಬಂಧ ತಂದೆವು, ಇನ್ನು ಭಯವಿಲ್ಲ ಎಂದುಕೊಳ್ಳುವ ಹಾಗೂ ಇಲ್ಲ, ಸೊಸೆಯ ಮೇಲೆ ತಪ್ಪು ಹೊರಿಸುವ ಹಾಗಂತೂ ಇಲ್ಲವೇ ಇಲ್ಲ.

ಗುರುತಿಸುವುದು ಹೇಗೆ?

ಸುಮಾರು 5,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ ಎಂದು ಅಂದಾಜು. ಎರಡು ಲಕ್ಷ ಜನಸಂಖ್ಯೆಯ ಒಂದು ತಾಲ್ಲೂಕು ಅಂದರೆ ಆ ಲೆಕ್ಕದಲ್ಲಿ ನಲವತ್ತು ಮಂದಿ. ಗುರುತುಗಳು ಹೀಗಿವೆ:

1. ವಯಸ್ಸಿಗೆ, ಮನೆಯವರಿಗೆ ಮೀರಿದ ಎತ್ತರ. ಎರಡೂ ಕೈ ಚಾಚಿ ಅಳೆದರೆ ಎತ್ತರಕ್ಕಿಂತ ಅಳತೆ ಹೆಚ್ಚು.

2. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಮುಷ್ಟಿ ಕಟ್ಟಿದರೆ ಹೆಬ್ಬೆರಳ ತುದಿ ಕಿರುಬೆರಳಿನ ಕಡೆಯಿಂದ ಹೊರಗೆ ಬರುವುದು. ಒಂದು ಕೈಯಿಂದ ಇನ್ನೊಂದು ಮಣಿಕಟ್ಟನ್ನು ಸುತ್ತಿ ಹಿಡಿದರೆ ಹೆಬ್ಬೆರಳು ಕಿರುಬೆರಳಿನ ಮೇಲೆ ಹತ್ತುವುದು.

3. ಎದೆಗೂಡು ಒಳಕ್ಕೆ ಗುಳಿ ಬಿದ್ದಿರುವುದು ಅಥವಾ ಪಾರಿವಾಳದ ಎದೆಯ ಹಾಗೆ ಮುಂದೆ ಬಂದಿರುವುದು. ಬೆನ್ನು ಓರೆಯಾಗಿರುವುದು. ಚಪ್ಪಟೆ ಪಾದ.

4. ಚಿಕ್ಕ ವಯಸ್ಸಿಗೇ ದಪ್ಪ ಕನ್ನಡಕ, ಮಸೂರ ಸರಿದಿರುವುದು.

5. ದಪ್ಪಗಾಗದೆ ಇದ್ದರೂ ಬೆನ್ನು, ಭುಜದ ಚರ್ಮದ ಮೇಲೆ ಬಸುರಿ ಹೆಂಗಸರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು.

6. ಪೆಟ್ಟಿಲ್ಲದೆ ಇದ್ದಕ್ಕಿದ್ದಂತೆ ಶ್ವಾಸಕೋಶದ ಗಾಳಿ ಸೋರಿ ಉಸಿರು ಕಟ್ಟುವುದು.

7. ಎಲ್ಲಕ್ಕಿಂತ ಮುಖ್ಯವಾಗಿ, ಮನೆತನದಲ್ಲಿ ಹರೆಯದಲ್ಲಿ ಯಾರಾದರೂ ದಿಢೀರನೆ ತೀರಿಕೊಂಡಿರುವುದು.

ಈಗ ನೀವೆಲ್ಲ ಮುಷ್ಟಿ ಕಟ್ಟಿ ಹೆಬ್ಬೆರಳು ನೋಡಿಕೊಳ್ಳುತ್ತಿದ್ದೀರಿ, ನನಗೆ ಇಲ್ಲಿಂದಲೇ ಕಾಣುತ್ತಿದೆ! ಗಾಬರಿ ಬೇಡ. ಇದರಲ್ಲಿ ಒಂದು ಗುರುತಿದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ಎತ್ತರದವರೆಲ್ಲ ರೋಗಿಗಳಲ್ಲ, ಕಾಯಿಲೆ ಇರುವವರೆಲ್ಲ ತೀರಾ ಎತ್ತರವೂ ಅಲ್ಲ. ಎರಡು ಮೂರು ಒಟ್ಟಿಗೆ ಕಂಡರೆ ಡಾಕ್ಟರಿಗೆ ತೋರಿಸಿ. ಹೃದಯಕ್ಕೆ ಎಕೋ ಪರೀಕ್ಷೆ, ಕಣ್ಣಿಗೆ ಔಷಧಿ ಹಾಕಿ ಮಾಡುವ ಪರೀಕ್ಷೆ, ಇವೆರಡರಿಂದ ಬಹುಪಾಲು ಗೊತ್ತಾಗುತ್ತದೆ. ಎಕೋ ಅಂದರೆ ಹೊಟ್ಟೆಯ ಸ್ಕ್ಯಾನಿಂಗಿನ ಹಾಗೆ, ಸೂಜಿ ಇಲ್ಲ, ನೋವಿಲ್ಲ. ಅನುಮಾನ ಉಳಿದರೆ ರಕ್ತದಿಂದ ಜೀನ್ ಪರೀಕ್ಷೆಯೂ ಇದೆ.

ಇದರೊಂದಿಗೆ ಬಾಳುವುದು ಹೇಗೆ?

ಜೀನನ್ನೇ ಸರಿಮಾಡುವ ಔಷಧಿ ಇವತ್ತಿನವರೆಗೂ ಬಂದಿಲ್ಲ. ಆದರೆ ಗೋಡೆ ಕುಸಿಯದ ಹಾಗೆ ನೋಡಿಕೊಳ್ಳಬಹುದು. 1972ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕಾಯಿಲೆಯವರು ಸಾಯುತ್ತಿದ್ದ ಸರಾಸರಿ ವಯಸ್ಸು 32. ನಮ್ಮಣ್ಣ ಆ ಲೆಕ್ಕದಂತೆಯೇ ಹೋದ. ಇವತ್ತು ಸಕಾಲಕ್ಕೆ ಪತ್ತೆಯಾಗಿ ಚಿಕಿತ್ಸೆ ನಡೆದರೆ ಎಪ್ಪತ್ತರವರೆಗೂ ಬದುಕುತ್ತಾರೆ. ಈ ವ್ಯತ್ಯಾಸ ಆದದ್ದು ಪವಾಡದಿಂದಲ್ಲ, ನಾಲ್ಕು ಕೆಲಸಗಳಿಂದ.

ಮೊದಲನೆಯದು ಅಳತೆ. ವರ್ಷಕ್ಕೊಮ್ಮೆಯಾದರೂ ಎಕೋ ಮಾಡಿಸಿ ಮಹಾಪಧಮನಿಯ ಬುಡ ಎಷ್ಟಾಗಿದೆ ಎಂದು ಬರೆದಿಡಬೇಕು. ಡೈರಿಯ ಪಾಸ್‌ಪುಸ್ತಕದ ಹಾಗೆ ಆ ಲೆಕ್ಕ ಮನೆಯಲ್ಲಿರಬೇಕು. ಎಷ್ಟಾಗಿದೆ ಎಂಬುದರಷ್ಟೇ, ಎಷ್ಟು ಬೇಗ ಬೆಳೆಯುತ್ತಿದೆ ಎಂಬುದೂ ಮುಖ್ಯ.

ಎರಡನೆಯದು ಮಾತ್ರೆ. ಹೃದಯದ ಬಡಿತದ ಗುದ್ದನ್ನು ತಗ್ಗಿಸುವ ಅಟೆನೊಲಾಲ್, ಪ್ರೊಪ್ರನಲಾಲ್‌ನಂಥವು ಒಂದು ಗುಂಪು, ಲೋಸಾರ್ಟನ್‌ನಂಥವು ಇನ್ನೊಂದು ಗುಂಪು. ಅಟೆನೊಲಾಲ್, ಲೋಸಾರ್ಟನ್ ಎರಡನ್ನೂ ಹೋಲಿಸಿ 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಎರಡರ ಫಲವೂ ಹೆಚ್ಚು ಕಡಿಮೆ ಸಮನಾಗಿತ್ತು. ಯಾವುದು, ಎಷ್ಟು ಎನ್ನುವುದನ್ನು ಡಾಕ್ಟರೇ ಹೇಳಬೇಕು. ಮೈ ಚೆನ್ನಾಗಿದೆ ಎಂದು ನಿಲ್ಲಿಸಬಾರದು. ನಾಳ ಹಿಗ್ಗುವುದು ನೋವಿಲ್ಲದೆ ಎಂದು ಆಗಲೇ ಹೇಳಿದೆ.

ಮೂರನೆಯದು ನಡವಳಿಕೆ. ಭಾರ ಎತ್ತುವುದು, ಮುಕ್ಕಿರಿದು ಮಾಡುವ ಕೆಲಸ, ಕಬಡ್ಡಿ, ಕುಸ್ತಿ, ಪಂದ್ಯದ ವಾಲಿಬಾಲ್ ಬೇಡ. ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದ ಒತ್ತಡ ಒಮ್ಮೆಲೇ ಮೇಲೇರುತ್ತದೆ. ಹಾಗಂತ ಹಾಸಿಗೆ ಹಿಡಿಯಬೇಕಿಲ್ಲ. ನಡೆಯಬಹುದು, ನಿಧಾನವಾಗಿ ಸೈಕಲ್ ತುಳಿಯಬಹುದು, ತೋಟಕ್ಕೆ ನೀರು ಹಾಯಿಸಬಹುದು. ಬೀಡಿ ಸಿಗರೇಟು ಸುತರಾಂ ಬೇಡ.

ಇಲ್ಲಿ ಒಂದು ಮಾತನ್ನು ದಯವಿಟ್ಟು ನೆನಪಿಡಿ. ನಾವು ಜ್ವರ, ಭೇದಿ, ಉರಿಮೂತ್ರ ಅಂದರೆ ಮೆಡಿಕಲ್ ಸ್ಟೋರಿಗೆ ಹೋಗಿ ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಮಾತ್ರೆ ತಂದು ನುಂಗುತ್ತೇವೆ. ಈ ಗುಂಪಿನ ಮಾತ್ರೆಗಳಿಂದ ಮಹಾಪಧಮನಿ ಹರಿಯುವ ಅಪಾಯ ಹೆಚ್ಚುತ್ತದೆ, ಮಾರ್ಫಾನ್ ಇರುವವರಿಗೆ ಬೇರೆ ದಾರಿಯೇ ಇಲ್ಲದ ಹೊರತು ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಮನೆಯಲ್ಲಿ ಈ ಕಾಯಿಲೆ ಇದ್ದರೆ ಪ್ರತಿ ಡಾಕ್ಟರಿಗೂ, ಪ್ರತಿ ಅಂಗಡಿಯಲ್ಲೂ ಮೊದಲು ಅದನ್ನು ಹೇಳಿ.

ನಾಲ್ಕನೆಯದು ಶಸ್ತ್ರಚಿಕಿತ್ಸೆ. ನಾಳದ ಬುಡ ಸುಮಾರು ಐದು ಸೆಂಟಿಮೀಟರಿಗೆ ಬಂದಾಗ, ಕೆಲವರಲ್ಲಿ ಅದಕ್ಕೂ ಮುಂಚೆಯೇ, ಹರಿಯುವ ಮೊದಲೇ ಆ ಭಾಗ ತೆಗೆದು ಕೃತಕ ಬಟ್ಟೆಯ ಕೊಳವೆ ಹಾಕುತ್ತಾರೆ. ಕವಾಟವನ್ನೂ ಸೇರಿಸಿ ಬದಲಿಸುವ ವಿಧಾನವನ್ನು 1968ರಲ್ಲಿ ಲಂಡನ್ನಿನ ಬೆಂಟಾಲ್ ಮತ್ತು ಡಿ ಬೋನೊ ಎಂಬ ವೈದ್ಯರು ವರದಿ ಮಾಡಿದರು. ಸ್ವಂತ ಕವಾಟ ಉಳಿಸಿಕೊಂಡು ಮಾಡುವ ವಿಧಾನವೂ ಈಗ ಇದೆ. ಮುಂಚೆಯೇ ಯೋಚಿಸಿ ಮಾಡಿಸಿದ ಆಪರೇಷನ್ನಿಗೂ, ಹರಿದ ಮೇಲೆ ಮಧ್ಯರಾತ್ರಿ ಮಾಡುವ ಆಪರೇಷನ್ನಿಗೂ ಅಪಾಯದಲ್ಲಿ ಅಜಗಜಾಂತರ.

ಹೆಣ್ಣುಮಕ್ಕಳಿಗೆ ಒಂದು ಮಾತು. ಈ ಕಾಯಿಲೆ ಇದ್ದವರಿಗೆ ಬಸಿರು, ಹೆರಿಗೆ, ಬಾಣಂತನದ ಸಮಯದಲ್ಲಿ ನಾಳ ಹರಿಯುವ ಅಪಾಯ ಹೆಚ್ಚು. ಬಸಿರಾಗುವ ಮೊದಲೇ ಹೃದಯದ ಡಾಕ್ಟರನ್ನು ಕಾಣಬೇಕು. ಲೋಸಾರ್ಟನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬದಲಿಸಬೇಕು, ಮಗುವಿಗೆ ಅದು ಒಳ್ಳೆಯದಲ್ಲ. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

ಇನ್ನು ತುರ್ತು. ಎದೆ ಅಥವಾ ಎರಡು ಹೆಗಲಿನ ನಡುವೆ ಬೆನ್ನು ಇದ್ದಕ್ಕಿದ್ದಂತೆ ಸೀಳಿದ ಹಾಗೆ ನೋವು ಬಂದರೆ ಓಮದ ನೀರಲ್ಲ, 108ಕ್ಕೆ ಫೋನು. ಡಾಕ್ಟರಿಗೆ ಮೊದಲ ಮಾತೇ "ಇವರಿಗೆ ಮಾರ್ಫಾನ್ ಇದೆ" ಎಂದಿರಬೇಕು. ಯಾಕೆಂದರೆ ಇ.ಸಿ.ಜಿ. ಸರಿಯಾಗಿ ಬರಬಹುದು. ಹಾರ್ಟ್ ಅಟ್ಯಾಕ್ ಎಂದು ತಿಳಿದು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ, ಹರಿದ ನಾಳಕ್ಕೆ ಅದೇ ಮುಳುವಾಗಬಹುದು. ನನ್ನ ಅಣ್ಣನ ಮಗ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡೇ ಓಡಾಡುತ್ತಾನೆ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ರಕ್ತದ ಗುಂಪು, ನನ್ನ ಫೋನ್ ನಂಬರು.

ಸಂಘದ ಋಣ

2009ರಲ್ಲಿ ಅವನ ನಾಳದ ಅಳತೆ 4.4 ಸೆಂಟಿಮೀಟರ್. ಇನ್ನು ಕ್ಯಾನು ಮುಟ್ಟಕೂಡದು ಎಂದರು ಡಾಕ್ಟರು. ಕ್ಯಾನು ಎತ್ತದ ಸಹಾಯಕನಿಗೆ ಸಂಬಳ ಯಾಕೆ ಎಂದು ಕೇಳಬಹುದಿತ್ತು. ಅಂದಿನ ಆಡಳಿತ ಮಂಡಳಿ ಹಾಗೆ ಕೇಳಲಿಲ್ಲ. ಅವನನ್ನು ಒಕ್ಕೂಟದ ತರಬೇತಿಗೆ ಕಳಿಸಿ ಹಾಲು ಪರೀಕ್ಷಕನನ್ನಾಗಿ ಮಾಡಿತು. ಕ್ಯಾನು ಎತ್ತುವ ಕೆಲಸವನ್ನು ಊರಿನ ಹುಡುಗರು ಸರದಿಯ ಮೇಲೆ ಮಾಡಿದರು. ಒಂದು ಉಪಕಾರವೆಂದು ಯಾರೂ ಆಡಿ ತೋರಿಸಲಿಲ್ಲ.

2013ರಲ್ಲಿ ಅಳತೆ 5.1. ಆಪರೇಷನ್ ಆಗಲೇಬೇಕು ಎಂದರು. ಆಗ ಗೊತ್ತಾಯಿತು ನನ್ನ ಇನ್ನೊಂದು ತಪ್ಪು. ಸಹಕಾರಿಗಳಿಗೆಂದೇ 2003ರಲ್ಲಿ ಬಂದ ಯಶಸ್ವಿನಿ ಯೋಜನೆಗೆ ಆ ವರ್ಷ ನಾವು ವಂತಿಗೆ ಕಟ್ಟಿರಲಿಲ್ಲ. ಕಾರ್ಯದರ್ಶಿಗಳು ಎರಡು ಸಲ ಹೇಳಿಕಳಿಸಿದ್ದರು, ನಾಳೆ ನಾಳೆ ಎಂದು ದಿನ ದಾಟಿಸಿದ್ದೆ. ಎರಡು ಹಸು ಮಾರಿದೆವು, ಸಾಲ ಮಾಡಿದೆವು. ಆಗ ನೀವು ಮಾಡಿದ್ದನ್ನು ಈ ಸಂಚಿಕೆಯಲ್ಲಿ ದಾಖಲು ಮಾಡಲೇಬೇಕು. ಊರಿನ ಅಷ್ಟೂ ಸದಸ್ಯರು ಒಂದು ಹೊತ್ತಿನ ಹಾಲಿನ ದುಡ್ಡನ್ನು ಅವನ ಹೆಸರಿಗೆ ಬಿಟ್ಟುಕೊಟ್ಟಿರಿ. ಒಂದೇ ಹಸು ಕಟ್ಟಿಕೊಂಡು ಎರಡು ಲೀಟರ್ ಹಾಕುತ್ತಿದ್ದ ಅಜ್ಜಿಯೊಬ್ಬರು ಎರಡು ಹೊತ್ತಿನದನ್ನು ಬಿಟ್ಟರು. ಆ ಅಜ್ಜಿ ಈಗ ಇಲ್ಲ. ಅವರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಆಪರೇಷನ್ ಆಗಿ ಈಗ ಹನ್ನೆರಡು ವರ್ಷ. ಲೋಹದ ಕವಾಟ ಹಾಕಿರುವುದರಿಂದ ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಮಾಡಿಕೊಳ್ಳಬೇಕು. ಸೊಪ್ಪು ತಿನ್ನಬಹುದು, ಆದರೆ ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಹಲ್ಲು ಕೀಳಿಸುವ ಮೊದಲು ಹೃದಯದ ಡಾಕ್ಟರನ್ನು ಕೇಳಬೇಕು. ನೋವಿನ ಮಾತ್ರೆ, ನಾಟಿ ಔಷಧಿ ಯಾವುದನ್ನೂ ತಾನೇ ತೆಗೆದುಕೊಳ್ಳಬಾರದು. ಇಷ್ಟು ನೇಮ ಇಟ್ಟುಕೊಂಡು ಅವನಿಗೆ ಈಗ 41 ವರ್ಷ. ಅಪ್ಪನಿಗಿಂತ ಎಂಟು ವರ್ಷ ಹೆಚ್ಚು ಕಂಡಿದ್ದಾನೆ.

ಮುಚ್ಚಿಡುವ ಕಾಯಿಲೆ

ಕೊನೆಯದಾಗಿ ಹೇಳಲು ಕಷ್ಟವಾದ ಮಾತು. 2009ರಲ್ಲೇ ಡಾಕ್ಟರು "ತಂಗಿಯನ್ನೂ ಕರೆತನ್ನಿ" ಎಂದಿದ್ದರು. ಅವಳಿಗೆ ಆಗ ಗಂಡು ನೋಡುತ್ತಿದ್ದೆವು. "ಮದುವೆ ಆಗೋಗಂಟ ಬಾಯಿ ಬಿಡಬೇಡಪ್ಪ" ಎಂದು ಅತ್ತಿಗೆ ಕೈಹಿಡಿದು ಕೇಳಿದರು. ನಾನು ಒಪ್ಪಿದೆ. ಮರುವರ್ಷ ಮದುವೆಯಾಯಿತು, ಬಸುರಿಯೂ ಆದಳು. ಬಸಿರಿನಲ್ಲಿ ಅಪಾಯ ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಆರನೇ ತಿಂಗಳಿನವರೆಗೆ ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ಅವಳ ಮಾವನವರ ಮುಂದೆ ಹೋಗಿ ಕೂತು ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಮೊದಲೇ ಹೇಳಬಾರದಾಗಿತ್ತಾ ಮೇಷ್ಟ್ರೆ? ನಮ್ಮ ಸೊಸೆ ಅಲ್ವಾ ಅವಳು" ಎಂದು ತಾವೇ ಕಾರು ಮಾಡಿಕೊಂಡು ಬಂದರು. ಪರೀಕ್ಷೆಯಲ್ಲಿ ಕಣ್ಣು, ಹೃದಯ ಎರಡೂ ಸರಿ ಇತ್ತು. ಅವಳಿಗೆ ಬಂದಿರಲಿಲ್ಲ. ಆದರೆ ಬಂದಿದ್ದರೆ? ನಮ್ಮ ಮರ್ಯಾದೆ ಉಳಿಸಲು ಆ ಮಗುವಿನ ಜೀವವನ್ನು ಒತ್ತೆ ಇಟ್ಟಿದ್ದೆವು. ಆ ತಪ್ಪಿಗೆ ಅವಳ ಮುಂದೆ ಕ್ಷಮೆ ಕೇಳಿದ್ದೇನೆ.

ಅಣ್ಣನ ಮಗನ ಮದುವೆ 2015ರಲ್ಲಿ. ಹೆಣ್ಣು ನೋಡಲು ಹೋದ ದಿನವೇ ಆಸ್ಪತ್ರೆಯ ಫೈಲನ್ನು ಚಾಪೆಯ ಮೇಲಿಟ್ಟೆವು. ಮೂರು ಮನೆಯವರು ಬೇಡ ಎಂದರು. ನಾಲ್ಕನೆಯ ಮನೆಯ ಹುಡುಗಿ ಫೈಲನ್ನು ತಾನೇ ಓದಿ ಒಪ್ಪಿದಳು. 2017ರಲ್ಲಿ ಮಗಳು ಹುಟ್ಟಿದಳು. ಅವಳಿಗೂ ಬಂದಿದೆ. ಕನ್ನಡಕ ಹಾಕಿಕೊಂಡು ಇಲ್ಲೇ ಮುಂದಿನ ಸಾಲಿನಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿದ್ದಾಳೆ. ವರ್ಷಕ್ಕೊಮ್ಮೆ ಎಕೋ ಆಗುತ್ತದೆ, ಮಾತ್ರೆ ನಡೆಯುತ್ತಿದೆ, ಅವಳ ಟೀಚರಿಗೆ ಎಲ್ಲ ಗೊತ್ತಿದೆ, ಮುಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಅವಳ ತಾತನಿಗೆ ಇದರಲ್ಲಿ ಒಂದೂ ಇರಲಿಲ್ಲ.

ಸಂಘಕ್ಕೆ ನನ್ನ ಮೂರು ಬಿನ್ನಹ. ಒಂದು, ಯಶಸ್ವಿನಿ 2018ರಲ್ಲಿ ನಿಂತು ಮತ್ತೆ ಶುರುವಾಗಿದೆ. ವಂತಿಗೆ ಕಟ್ಟುವ ಕೊನೆಯ ದಿನಾಂಕವನ್ನು ಹಾಲು ಹಾಕುವ ಜಾಗದಲ್ಲಿ ದೊಡ್ಡದಾಗಿ ಬರೆಸಿ, ಯಾವ ಚಿಕಿತ್ಸೆಗೆ ಸಿಗುತ್ತದೆ ಎಂಬುದನ್ನು ಆಸ್ಪತ್ರೆಗೆ ಹೋಗುವ ಮೊದಲೇ ವಿಚಾರಿಸಿಕೊಡಿ. ಎರಡು, ವರ್ಷಕ್ಕೊಮ್ಮೆ ಶಾಲೆಯ ಮಕ್ಕಳಿಗೆ ಕಣ್ಣು, ಬೆನ್ನು, ಎದೆ ನೋಡುವ ಒಂದು ಶಿಬಿರ ಮಾಡಿಸಿ, ಅನುಮಾನ ಬಂದವರನ್ನು ಜಯದೇವದಂಥ ಹೃದ್ರೋಗ ಆಸ್ಪತ್ರೆಗೆ ಕಳಿಸಿ. ಮೂರು, ಯಾವ ಮನೆಯಲ್ಲಾದರೂ ಹರೆಯದವರು ದಿಢೀರನೆ ತೀರಿಕೊಂಡರೆ, ತಿಥಿ ಮುಗಿದ ಮೇಲಾದರೂ ಆ ಮನೆಯ ಮಕ್ಕಳಿಗೆ ಒಂದು ಎಕೋ ಮಾಡಿಸಿ. ಸತ್ತವರನ್ನು ವಾಪಸು ತರಲು ಆಗುವುದಿಲ್ಲ. ಉಳಿದವರನ್ನು ಉಳಿಸಿಕೊಳ್ಳಬಹುದು.

ಸಂಘ ಸುವರ್ಣ ಮಹೋತ್ಸವ ಮಾಡುವ ಹೊತ್ತಿಗೆ ನಾನು ಇರುವುದಿಲ್ಲ. ಮುಂದಿನ ಸಾಲಿನಲ್ಲಿ ಕಡ್ಲೆಪುರಿ ತಿನ್ನುತ್ತಿರುವ ಆ ಮಗು ಇರುತ್ತಾಳೆ, ಆಗ ಅವಳಿಗೆ 33 ತುಂಬಿರುತ್ತದೆ. ಅವಳನ್ನು ಈ ವೇದಿಕೆಗೆ ಕರೆದು ಮಾತನಾಡಿಸಿ ಎಂದು ಮುಂದಿನ ಆಡಳಿತ ಮಂಡಳಿಯನ್ನು ಈಗಲೇ ಕೇಳಿಕೊಳ್ಳುತ್ತೇನೆ.